ನಿಲ್ದಾಣದ ಇಂಗ್ಲಿಷು

ನಮ್ಮ ವಾಚಕರಲ್ಲಿ ಒಬ್ಬರು, ಧಾರವಾಡದ ಕಡೆಯ ನಿವೃತ್ತ ಶಿಕ್ಷಕರು, ಮಗನ ಮನೆಯಲ್ಲಿ ಕೆಲವು ತಿಂಗಳಿರಲೆಂದು ಇಂಗ್ಲೆಂಡಿಗೆ ಹೋದವರು, ನಮಗೊಂದು ಪತ್ರವನ್ನು ಬರೆದಿದ್ದಾರೆ. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಇಂಗ್ಲಿಷನ್ನು ಕಲಿಸಿದವರು ಅವರು. ಅಲ್ಲಿಯ ಒಂದು ಊರಿನಲ್ಲಿ ಪೇಟೆಗೆ ಹೋಗಬೇಕಾಗಿ ಬಂದು, ‘ಬಸ್ ಸ್ಟ್ಯಾಂಡ್’ ಎಂದು ಬರೆದಿದ್ದ ಕಂಬವನ್ನು ಹುಡುಕಿ, ಅದರ ಬುಡದಲ್ಲಿ ಕೊಡೆ ಬಿಚ್ಚಿ ನಿಂತರಂತೆ. ಸೋನೆ ಮಳೆ ಸುರಿಯುತ್ತಿತ್ತು. ಒಂದಾದ ಮೇಲೊಂದು ಬಸ್ಸು ಬಂದು ಎದುರಿಗೇ ನಿಂತಿತು. ಯಾವುದರ ಬಾಗಿಲೂ ತೆರೆಯಲಿಲ್ಲ. ಒಳಗೆ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಚಾಲಕನು ಯಂತ್ರವನ್ನು ನಿಲ್ಲಿಸಿ, ಗಂಟು ಬಿಚ್ಚಿ, ರೊಟ್ಟಿಯನ್ನು ತಿಂದು, ಹೊತ್ತಾದ ಮೇಲೆ ಹೊರಟುಹೋಗುತ್ತಿದ್ದನು. ಅರ್ಧ ಗಂಟೆಯ ಮೇಲೆ ದಾರಿಹೋಕ ಹೆಂಗಸೊಬ್ಬಳು ಕನಿಕರಪಟ್ಟು, ಐವತ್ತು ಹೆಜ್ಜೆಗಳಾಚೆಗೆ ಇದ್ದ ಬೇರೊಂದು ಕಂಬವನ್ನು ತೋರಿಸಿದಳು. ಅದರ ಮೇಲೆ ‘ಬಸ್ ಸ್ಟಾಪ್’ ಎಂದಿತ್ತು. ‘ತಪ್ಪು ನನ್ನ ಇಂಗ್ಲಿಷಿನದೋ ಅವರ ಇಂಗ್ಲಿಷಿನದೋ ತಿಳಿಸಿರಿ’ ಎಂದು ಅವರು ಕೇಳಿದ್ದಾರೆ.

ಇಬ್ಬರದೂ ಅಲ್ಲವೆಂಬುದೇ ನಮ್ಮ ಉತ್ತರ. ಆದರೆ ಅಷ್ಟು ಹೇಳಿ ಕೈ ತೊಳೆದುಕೊಳ್ಳುವಷ್ಟು ಸಣ್ಣ ಪ್ರಶ್ನೆ ಇದಲ್ಲ. ನಮ್ಮ ನಾಡಿನಲ್ಲಿ ಓದು ಬರಹವಿಲ್ಲದ ಒಕ್ಕಲಿಗನೂ ಹಗಲಿನಲ್ಲಿ ಹತ್ತು ಸಲ ಆಡತಕ್ಕ ಇಂಗ್ಲಿಷು ಮಾತುಗಳು ಯಾವುವೆಂದು ಎಣಿಸಿದರೆ, ಅರ್ಧದಷ್ಟು ದಾರಿಯ ಮಾತುಗಳೇ ಆಗಿರುತ್ತವೆ: ಬಸ್ಸು, ರೈಲು, ಟಿಕೀಟು, ಸ್ಟ್ಯಾಂಡು, ಸ್ಟಾಪು, ಸ್ಟೇಜು, ಡಿಪೋ, ಪಾಸು, ಸೀಟು. ಇವು ನಮ್ಮವಾದದ್ದು ಹೇಗೆ, ಎಷ್ಟರ ಮಟ್ಟಿಗೆ ನಮ್ಮವು, ಎಲ್ಲಿ ಇವು ನಮಗೆ ಸಹಾಯಮಾಡುತ್ತವೆ, ಎಲ್ಲಿ ಮೋಸಮಾಡುತ್ತವೆ ಎಂಬುದನ್ನು ವಿಚಾರಮಾಡುವುದು ಕನ್ನಡ ಪತ್ರಿಕೆಯ ಕರ್ತವ್ಯವೆಂದು ನಾವು ಎಣಿಸುತ್ತೇವೆ.

ಮೊದಲು ಮಾಸ್ತರರ ಕಂಬದ ಮಾತನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ ‘ಸ್ಟಾಪ್’ ಎಂದರೆ ಜನರು ಹತ್ತಿ ಇಳಿಯುವ ಜಾಗ. ‘ಸ್ಟ್ಯಾಂಡ್’ ಎಂದರೆ ಒಂದು ಸರದಿ ಮುಗಿಸಿದ ಬಂಡಿಯು ಮುಂದಿನ ಸರದಿಯ ಹೊತ್ತಿನವರೆಗೆ ಸುಮ್ಮನೆ ನಿಲ್ಲುವ ಜಾಗ. ಅಲ್ಲಿ ಪ್ರಯಾಣಿಕನಿಗೆ ಕೆಲಸವಿಲ್ಲ. ಹಲವು ಬಸ್ಸುಗಳು ಸೇರಿ, ಮಾಡಿನ ಕೆಳಗೆ ಜನರನ್ನು ಹತ್ತಿಸಿಕೊಂಡು ಹೊರಡುವ ದೊಡ್ಡ ಕಟ್ಟಡವು ಅವರಿಗೆ ‘ಬಸ್ ಸ್ಟೇಷನ್’. ನಾವಾದರೋ ಆ ದೊಡ್ಡ ಕಟ್ಟಡಕ್ಕೇ ಸ್ಟ್ಯಾಂಡು ಎಂದೆವು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಬಾಡಿಗೆಯ ಕುದುರೆಗಾಡಿಗಳು ಸಾಲಾಗಿ ನಿಂತು ಗಿರಾಕಿಯನ್ನು ಕಾಯುವ ಎಡೆಗೆ ಇಂಗ್ಲಿಷರು ಸ್ಟ್ಯಾಂಡ್ ಎನ್ನುತ್ತಿದ್ದರು. ನಮ್ಮಲ್ಲಿ ಟಾಂಗಾ ಸ್ಟ್ಯಾಂಡು, ಜಟಕಾ ಸ್ಟ್ಯಾಂಡು ಎಂಬ ಹೆಸರುಗಳು ನಡೆದುವು. ಟಾಂಗಾದ ಜಾಗಕ್ಕೆ ಮೋಟಾರು ಬಂದಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಬಾಡಿಗೆಯ ಗಾಡಿಯ ಎಡೆಗೆ ಈಗ ಇಂಗ್ಲಿಷರು ‘ರ್‍ಯಾಂಕ್’ ಎನ್ನುತ್ತಾರೆ. ಹೀಗೆ ನಾವು ಹಿಡಿದುಕೊಂಡದ್ದು ಅವರ ಹಳೆಯ ಮಾತನ್ನು; ಅವರು ಅದನ್ನು ಬೇರೊಂದು ಕೆಲಸಕ್ಕೆ ಹಚ್ಚಿಕೊಂಡರು. ಸಾಲ ಕೊಟ್ಟವನ ಮನೆಯಲ್ಲಿಯೇ ನಾಣ್ಯದ ಮುದ್ರೆ ಬದಲಾದರೆ ಸಾಲಗಾರನ ತಪ್ಪೇನು?

ಆದರೆ ಸ್ಟೇಜು ಎಂಬ ಮಾತಿನಲ್ಲಿ ನಾವು ಅವರಿಗಿಂತ ನಿಷ್ಠಾವಂತರಾಗಿದ್ದೇವೆ. ರೈಲು ಹುಟ್ಟುವ ಮೊದಲು ಇಂಗ್ಲೆಂಡಿನಲ್ಲಿ ಊರಿಂದೂರಿಗೆ ಹೋಗುತ್ತಿದ್ದುದು ‘ಸ್ಟೇಜ್ ಕೋಚ್’ ಎಂಬ ಕುದುರೆಯ ಬಂಡಿ. ದಣಿದ ಕುದುರೆಗಳನ್ನು ಬಿಚ್ಚಿ ಹೊಸ ಕುದುರೆಗಳನ್ನು ಹೂಡುವ ಒಂದು ತಂಗಿನಿಂದ ಮುಂದಿನ ತಂಗಿನವರೆಗಿನ ದಾರಿಗೆ ‘ಸ್ಟೇಜ್’ ಎಂದು ಹೆಸರು. ಕುದುರೆಗಳು ಹೋಗಿ ಎಷ್ಟೋ ಕಾಲವಾಯಿತು. ಆದರೂ ನಮ್ಮ ಬಸ್ಸಿನ ನಿರ್ವಾಹಕನು ‘ಇಲ್ಲಿಗೆ ಸ್ಟೇಜು ಮುಗಿಯಿತು, ಮುಂದಕ್ಕೆ ಇನ್ನೊಂದು ಸ್ಟೇಜಿನ ಹಣ ಕೊಡಿ’ ಎಂದಾಗ, ಆ ದಣಿದ ಕುದುರೆಗಳ ಲೆಕ್ಕದಲ್ಲಿಯೇ ನಾವು ಹಣವನ್ನು ಎಣಿಸುತ್ತಿದ್ದೇವೆ. ನಮ್ಮ ಕಾಯಿದೆಯೂ ಇದೇ ಮಾತನ್ನು ಹಿಡಿದಿದೆ. 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿಯೂ ಅದರ ಸ್ಥಾನಕ್ಕೆ ಬಂದ 1988ರ ಕಾಯಿದೆಯಲ್ಲಿಯೂ, ಪ್ರತಿಯೊಬ್ಬನಿಂದ ಬೇರೆ ಬೇರೆಯಾಗಿ ಹಣವನ್ನು ಪಡೆದು, ಪೂರ್ತಿ ದಾರಿಗಾಗಲಿ ದಾರಿಯ ಒಂದು ತುಂಡಿಗಾಗಲಿ ಜನರನ್ನು ಒಯ್ಯುವ ಬಂಡಿಗೆ ‘ಸ್ಟೇಜ್ ಕ್ಯಾರಿಯೇಜ್’ ಎಂದು ಹೆಸರು. ಇಡಿಯಾಗಿ ಬಾಡಿಗೆಗೆ ಹಿಡಿದು, ನಡುವೆ ಯಾರನ್ನೂ ಹತ್ತಿಸದೆ ಇಳಿಸದೆ ಹೋಗತಕ್ಕ ಬಂಡಿಗೆ ‘ಕಾಂಟ್ರ್ಯಾಕ್ಟ್ ಕ್ಯಾರಿಯೇಜ್’ ಎಂದು ಹೆಸರು. ಹಬ್ಬದ ಹಿಂದಿನ ರಾತ್ರಿ ಊರಿಗೆ ಹೊರಟು, ನಡುದಾರಿಯಲ್ಲಿ ತಪಾಸಣೆಗೆ ಸಿಕ್ಕ ಬಸ್ಸಿನಿಂದ ಕೆಳಗಿಳಿದು ನಿಂತ ಎಷ್ಟೋ ಜನರಿಗೆ, ತಾವು ಹತ್ತಿದ ಬಂಡಿ ಇವೆರಡರಲ್ಲಿ ಯಾವುದೆಂಬುದೇ ತಿಳಿದಿರುವುದಿಲ್ಲ. ಎರಡು ಇಂಗ್ಲಿಷು ಮಾತುಗಳ ಭೇದವು ಇಲ್ಲಿ ನಿಘಂಟಿನ ವಿಷಯವಲ್ಲ. ಮಕ್ಕಳು ಮರಿಗಳೊಡನೆ ನಡುರಾತ್ರಿ ಹೆದ್ದಾರಿಯ ಬದಿಗೆ ನಿಲ್ಲುವ ವಿಷಯ.

ಬಸ್ಸು ಎಂಬ ಮಾತಿನ ಕಥೆಯನ್ನು ಬಲ್ಲವರು ಬಲ್ಲರು; ಅರಿಯದವರಿಗಾಗಿ ಹೇಳುತ್ತೇವೆ. ಫ್ರಾನ್ಸಿನ ನಾಂತ್ ಎಂಬ ಪಟ್ಟಣದಲ್ಲಿ 1826ರ ಸುಮಾರಿಗೆ ಸ್ತಾನಿಸ್ಲಾಸ್ ಬೋದ್ರಿ ಎಂಬವನು ಗೊತ್ತಾದ ದಾರಿಯಲ್ಲಿ, ಗೊತ್ತಾದ ಹಣಕ್ಕೆ, ಬಂದವರನ್ನೆಲ್ಲ ಕೂಡಿಸಿಕೊಂಡು ಹೋಗುವ ಬಂಡಿಯನ್ನು ಹೂಡಿದನು. ಅದಕ್ಕೆ ‘ಓಮ್ನಿಬಸ್’ ಎಂಬ ಹೆಸರು ಬಿದ್ದಿತು. ಲಂಡನ್ನಿನಲ್ಲಿ ಜಾರ್ಜ್ ಶಿಲಿಬಿಯರ್ ಎಂಬವನು 1829ರ ಜುಲೈ 4ರಂದು ಪ್ಯಾಡಿಂಗ್ಟನ್ನಿನಿಂದ ಬ್ಯಾಂಕಿನವರೆಗೆ, ಮೂರು ಕುದುರೆಗಳನ್ನು ಕಟ್ಟಿ, ಇಪ್ಪತ್ತೆರಡು ಜನರು ಕೂರುವ ಅಂಥದೇ ಬಂಡಿಯನ್ನು ನಡೆಸಿದನು. ಓಮ್ನಿಬಸ್ ಎಂಬುದು ಲ್ಯಾಟಿನ್ ಪದ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದು ಚತುರ್ಥೀ ವಿಭಕ್ತಿಯ ಬಹುವಚನ, ಅರ್ಥ ‘ಎಲ್ಲರಿಗೆ’. ಜನರ ಬಾಯಲ್ಲಿ ಸವೆದು ಸವೆದು ತಲೆಯ ‘ಎಲ್ಲ’ವು ಬಿದ್ದುಹೋಗಿ, ಬಾಲದ ಪ್ರತ್ಯಯ ಮಾತ್ರ ಉಳಿಯಿತು. ಜಗತ್ತೇ ಏರಿ ಹೋಗುತ್ತಿರುವ ಈ ಬಂಡಿಯ ಹೆಸರು ಬರಿಯ ವಿಭಕ್ತಿ ಪ್ರತ್ಯಯವೆಂದರೆ ನಮ್ಮ ಕೇಶಿರಾಜನು ನಗುತ್ತಿದ್ದನೋ ಏನೋ. ನಗಲಿ, ಆದರೆ ಬಿದ್ದುಹೋದ ಆ ‘ಎಲ್ಲ’ದ ಮಾತನ್ನು ನಾವು ಮುಂದೆ ಇನ್ನೊಮ್ಮೆ ಎತ್ತಬೇಕಾಗುತ್ತದೆ.

ರೈಲಿನ ವಿಷಯದಲ್ಲಿ ನಮ್ಮನ್ನು ಹಾಸ್ಯಮಾಡುವ ಪಂಡಿತರುಂಟು. ರೈಲ್ ಎಂದರೆ ಇಂಗ್ಲಿಷಿನಲ್ಲಿ ಕಬ್ಬಿಣದ ಕಂಬಿ; ಬಂಡಿಗೆ ಅವರು ‘ಟ್ರೇನ್’ ಎನ್ನುತ್ತಾರೆ. ‘ರೈಲು ಬಂತು’ ಎಂದರೆ ‘ಕಂಬಿ ಬಂತು’ ಎಂದಂತೆ ಆಯಿತೆಂಬುದು ಇವರ ಆಕ್ಷೇಪ. ಒಳ್ಳೆಯದು. ಹಾಗಾದರೆ ‘ಟ್ರ್ಯಾಮ್’ ಎಂದರೇನೆಂದು ಈ ಪಂಡಿತರು ಇಂಗ್ಲಿಷರನ್ನೇ ಕೇಳಲಿ. ಅದು ಔಟ್ರ್ಯಾಮ್ ಎಂಬ ಎಂಜಿನಿಯರನ ಹೆಸರಿನ ತುಂಡೆಂದು ಹೇಳುವ ಕಥೆ ಬರಿಯ ಕಟ್ಟುಕಥೆ. ಟ್ರ್ಯಾಮ್ ಎಂದರೆ ಮರದ ತೊಲೆ. ಗಣಿಗಳಲ್ಲಿ ಕಲ್ಲಿದ್ದಲನ್ನು ಸಾಗಿಸುವ ಬಂಡಿಗೂ ಅದರ ದಾರಿಗೂ ಆ ಹೆಸರು ಹತ್ತಿ, ಕೊನೆಗೆ ಪಟ್ಟಣದ ಬೀದಿಯ ವಾಹನವೇ ‘ತೊಲೆ’ಯಾಯಿತು. ತೊಲೆಯನ್ನು ಏರಿ ಕಚೇರಿಗೆ ಹೋದವರು ಕಂಬಿಯನ್ನು ಏರಿ ಹೋಗುವವರನ್ನು ನಗುವಂತಿಲ್ಲ. ಧೂಮಶಕಟವೆಂದು ಬರೆದವರೂ ನಮ್ಮಲ್ಲಿ ಇದ್ದರು; ಹೊಗೆಬಂಡಿ, ಉಗಿಬಂಡಿ ಎಂಬ ಚೆಲುವಾದ ಮಾತುಗಳೂ ಹುಟ್ಟಿದುವು. ಆದರೆ ಹೊಗೆಯೂ ಹೋಯಿತು, ಉಗಿಯೂ ಹೋಯಿತು, ಕಂಬಿಯೊಂದು ಉಳಿಯಿತು. ಜನರ ಆಯ್ಕೆಯೇ ದೂರದೃಷ್ಟಿಯದಾಗಿತ್ತೆಂದು ಒಪ್ಪಬೇಕು.

ಇನ್ನು ಸ್ಟೇಷನ್ನು. ನಿಲ್ಲುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು ಅದು. ನಮ್ಮ ಸಂಸ್ಕೃತದ ‘ಸ್ಥಾ’ ಧಾತುವು ಅದರ ಒಡಹುಟ್ಟು. ‘ಸ್ಥಾನ’ದ ತದ್ಭವ ‘ತಾಣ’. ನಮ್ಮ ಅಚ್ಚಗನ್ನಡದ ‘ನಿಲ್’ ಎಂಬುದರ ಮುಂದೆ ‘ತಾಣ’ವನ್ನಿಟ್ಟು, ಆದೇಶಸಂಧಿಯಿಂದ ತಕಾರವನ್ನು ದಕಾರ ಮಾಡಿದರೆ ‘ನಿಲ್ದಾಣ’. ಆದುದರಿಂದ ನಿಲ್ದಾಣವೆಂಬುದು ಸ್ಟೇಷನ್ನಿನ ಅನುವಾದ ಮಾತ್ರವಲ್ಲ. ಅದರ ದೂರದ ದಾಯಾದಿಯೂ ಅಹುದು. ಅದೇ ಅಚ್ಚಿನಲ್ಲಿ ‘ತಂಗುದಾಣ’ವೂ ಆಯಿತು. ಬಿಸಿಲಿಗೆ ಮಳೆಗೆ ಜನರು ನಿಲ್ಲುವ ಮಾಡಿಗೆ ಇಂಗ್ಲಿಷರು ‘ಶೆಲ್ಟರ್’, ಎಂದರೆ ಆಸರೆ, ಎನ್ನುತ್ತಾರೆ. ತಂಗುವುದೆಂಬುದರಲ್ಲಿ ಆಸರೆಯ ಜೊತೆಗೆ ಸತ್ಕಾರದ ಒಂದು ಛಾಯೆಯೂ ಇದೆ. ಸತ್ರಗಳನ್ನೂ ಅರವಟ್ಟಿಗೆಗಳನ್ನೂ ಕಟ್ಟಿಸಿದ ನಾಡಿನ ಮಾತು ಅದು. (ಈಗಿನ ಕೆಲವು ತಂಗುದಾಣಗಳಲ್ಲಿ ತಂಗಲು ಕಲ್ಲಿನ ಬೆಂಚಿಗಿಂತ ಜಾಹೀರಾತಿಗೇ ಹೆಚ್ಚು ಜಾಗವಿರುವುದು ಬೇರೆ ಮಾತು.)

ಸ್ಟೇಷನ್ನಿನ ಬಳಗದ ಉಳಿದ ಮಾತುಗಳನ್ನು ಬೇಗನೆ ದಾಟೋಣ. ‘ಹಾಲ್ಟ್’ ಎಂಬುದು ಸಣ್ಣ ತಾಣ. ‘ಜಂಕ್ಷನ್’ ಎಂಬುದು ಕೂಡುದಾರಿ. ‘ಡಿಪೋ’ ಎಂಬುದು ಫ್ರೆಂಚರ ಉಗ್ರಾಣ. ಅಮೇರಿಕೆಯವರು ರೈಲು ನಿಲ್ದಾಣಕ್ಕೂ ಅದನ್ನೇ ಅಂದರು, ನಾವು ಬಸ್ಸುಗಳು ರಾತ್ರಿ ಮಲಗುವ ಜಾಗಕ್ಕೆ ಇಟ್ಟುಕೊಂಡೆವು. ‘ಟರ್ಮಿನಸ್’ ಮಾತ್ರ ಒಂದು ಗಳಿಗೆ ನಿಂತು ನೋಡತಕ್ಕದ್ದು. ಅದು ರೋಮಿನವರ ಗಡಿಕಲ್ಲಿನ ದೇವತೆಯ ಹೆಸರು. ಮುಂಬಯಿಯಲ್ಲಿ 1887ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರನ್ನು ಹೊತ್ತ ಟರ್ಮಿನಸ್ಸು 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರನ್ನು ಪಡೆಯಿತು. 2017ರಲ್ಲಿ ಅದಕ್ಕೆ ‘ಮಹಾರಾಜ’ ಎಂಬುದೂ ಸೇರಿತು. ರಾಣಿಯು ಹೋದರೂ ರೋಮಿನ ಗಡಿದೇವತೆಯು ಕದಲಲಿಲ್ಲ. ನಮ್ಮ ಹಿರಿಯರು ಮಾತ್ರ ಆ ಜಾಗವನ್ನು ಬಹುಕಾಲ ಬೋರಿಬಂದರವೆಂದೇ ಕರೆದರು. 1853ರ ಏಪ್ರಿಲ್ 16ರಂದು ಠಾಣೆಗೆ ಹೊರಟ ಹಿಂದುಸ್ಥಾನದ ಮೊದಲನೆಯ ಪ್ರಯಾಣಿಕರ ರೈಲು ಹೊರಟದ್ದು ಆ ಬೋರಿಬಂದರದಿಂದಲೇ ಅಲ್ಲವೇ.

ಪ್ರಯಾಣಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರುಗಳೆಷ್ಟು! ಅವುಗಳ ಬೇರನ್ನು ನೋಡಿದರೆ ಹಳೆಯ ಕಾಲದ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ‘ಜರ್ನಿ’ ಎಂಬುದು ಫ್ರೆಂಚರ ದಿನವೆಂಬ ಮಾತಿನಿಂದ ಬಂದದ್ದು. ಒಂದು ದಿನದಲ್ಲಿ ನಡೆಯಬಹುದಾದಷ್ಟು ದಾರಿ. ನಮ್ಮವರು ಗಾವುದ, ಹರದಾರಿ ಎಂದು ನೆಲವನ್ನು ಅಳೆದರು. ಅವರು ಹೊತ್ತನ್ನು ಅಳೆದರು. ‘ಟ್ರ್ಯಾವಲ್’ ಎಂಬುದರ ಮೂಲವು ಮೂರು ಗೂಟಗಳ ಒಂದು ಹಿಂಸಾಯಂತ್ರವೆಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ. ‘ವಾಯೇಜ್’ ಎಂಬುದು ದಾರಿಗೆ ಕಟ್ಟಿಕೊಂಡ ಬುತ್ತಿಯ ಲ್ಯಾಟಿನ್ ಹೆಸರಿನಿಂದ ಬಂದದ್ದೆಂದು ಓದಿದಾಗ, ನಮ್ಮ ತಾಯಂದಿರು ಸಜ್ಜೆಯ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಟ್ಟಿಕೊಡುತ್ತಿದ್ದ ಗಂಟು ನೆನಪಿಗೆ ಬಂದಿತು. ‘ಫೇರ್’ ಎಂಬುದು ಇಂಗ್ಲಿಷಿನ ಅಪ್ಪಟ ದೇಶ್ಯ ಪದ. ಮೊದಲು ಹೋಗುವುದೆಂದೇ ಅದರ ಅರ್ಥವಿದ್ದು, ಆಮೇಲೆ ಹೋಗುವುದಕ್ಕೆ ಕೊಡುವ ಹಣವೆಂದಾಯಿತು. ಬೀಳ್ಕೊಡುವಾಗ ಅವರು ಹೇಳುವ ‘ಫೇರ್‌ವೆಲ್’ ಎಂಬುದರಲ್ಲಿ ಆ ಹಳೆಯ ಅರ್ಥ ಉಳಿದಿದೆ. ‘ಹೋಗಿಬನ್ನಿ’ ಎನ್ನುವ ನಮ್ಮ ರೀತಿಗೆ ಅದು ಹತ್ತಿರ, ಮರಳಿ ಬರುವ ಮಾತೊಂದನ್ನು ಬಿಟ್ಟು. ‘ಷಟ್ಲ್’ ಎಂಬುದನ್ನು ಇಳಕಲ್ಲಿನ ಗುಳೇದಗುಡ್ಡದ ನೇಕಾರನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಮಗ್ಗದ ಲಾಳಿ. ಎರಡು ಊರುಗಳ ನಡುವೆ ಹೋಗಿ ಬಂದು ಮಾಡುವ ಬಂಡಿಗೆ ‘ಲಾಳಿಬಂಡಿ’ ಎಂದು ನಾವೇ ಏಕೆ ಅನ್ನಲಿಲ್ಲವೋ ತಿಳಿಯದು.

ದಿನನಿತ್ಯದ ಪ್ರಯಾಣಕ್ಕೆ ಈಗ ಎಲ್ಲರ ಬಾಯಲ್ಲಿ ಇರುವ ‘ಕಮ್ಯೂಟ್’ ಎಂಬುದು ಅಮೇರಿಕೆಯ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ರೈಲು ಕಂಪನಿಗಳು, ದಿನ ದಿನವೂ ಕೊಡತಕ್ಕ ಹಣಕ್ಕೆ ಬದಲಾಗಿ ಒಟ್ಟಿಗೆ ಕಡಿಮೆ ಹಣವನ್ನು ಪಡೆದು ಕೊಡುತ್ತಿದ್ದ ಟಿಕೀಟಿಗೆ ಈ ಬದಲಾವಣೆಯ ಹೆಸರನ್ನು ಇಟ್ಟುವು. ಅದನ್ನು ಕೊಂಡವನು ‘ಕಮ್ಯೂಟರ್’ ಆದನು. ನ್ಯಾಯಾಲಯದ ಶಿಕ್ಷೆಯನ್ನು ಕಡಿಮೆ ಮಾಡುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆಯ ಹೊತ್ತು ಕಮ್ಯೂಟ್ ಮಾಡತಕ್ಕವರಿಗೆ ಶಿಕ್ಷೆಯೇನಾದರೂ ಕಡಿಮೆಯಾದದ್ದನ್ನು ನಾವು ಕಾಣೆವು.

ಎರಡು ಭಾಷೆಗಳ ಮನಸ್ಸು ಬೇರೆ ಬೇರೆಯಾಗುವುದು ಕ್ರಿಯಾಪದಗಳಲ್ಲಿ. ಬಸ್ಸನ್ನು ಇಂಗ್ಲಿಷರೂ ‘ಹಿಡಿಯುತ್ತಾರೆ’, ನಾವೂ ಹಿಡಿಯುತ್ತೇವೆ, ಇಲ್ಲಿ ಸಮ್ಮತಿ. ಆದರೆ ಬಸ್ಸು ಹೊರಟುಹೋದಾಗ ಇಂಗ್ಲಿಷನು ‘ನಾನು ಬಸ್ಸನ್ನು ತಪ್ಪಿಸಿಕೊಂಡೆ’ ಎನ್ನುತ್ತಾನೆ. ನಾವು ‘ಬಸ್ಸು ತಪ್ಪಿತು’ ಎನ್ನುತ್ತೇವೆ. ಅವನ ವಾಕ್ಯದಲ್ಲಿ ತಪ್ಪು ಕರ್ತೃವಿನದು. ನಮ್ಮ ವಾಕ್ಯದಲ್ಲಿ ಬಸ್ಸಿನದು. ನಮ್ಮ ವೇಳಾಪಟ್ಟಿಗಳ ನಡತೆಯನ್ನು ಬಲ್ಲವರು ಕನ್ನಡದ ವಾಕ್ಯರಚನೆಯೇ ಸತ್ಯಕ್ಕೆ ಸಮೀಪವೆಂದು ಒಪ್ಪಿಯಾರು. ಬಸ್ಸು, ರೈಲು, ಹಡಗು, ವಿಮಾನ ಇವುಗಳ ‘ಮೇಲಕ್ಕೆ’ ಏರುವ ಇಂಗ್ಲಿಷನು ಕಾರಿನ ‘ಒಳಕ್ಕೆ’ ಹೋಗುತ್ತಾನೆ. ಒಳಗೆ ಎದ್ದು ನಿಂತು ನಡೆದಾಡಲು ಬರುವ ವಾಹನಕ್ಕೆ ಒಂದು ಬಗೆ, ಕುಗ್ಗಿ ಕೂರತಕ್ಕ ವಾಹನಕ್ಕೆ ಇನ್ನೊಂದು ಬಗೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಇಂಥಲ್ಲಿಯೇ; ನಮಗೆ ಎಲ್ಲವೂ ‘ಹತ್ತುವುದೇ’. ಇಂಗ್ಲೆಂಡಿನಲ್ಲಿ ‘ಅಪ್’ ಎಂದರೆ ಲಂಡನ್ನಿನ ಕಡೆಗೆ, ‘ಡೌನ್’ ಎಂದರೆ ಲಂಡನ್ನಿನಿಂದ ದೂರಕ್ಕೆ. ರಾಜಧಾನಿಯೇ ಅವರ ಶಿಖರ. ನಮ್ಮ ಮೇಲು ಕೆಳಗುಗಳನ್ನು ಗೊತ್ತುಮಾಡಿದವನು ಸಹ್ಯಾದ್ರಿ. ಮಂಗಳೂರಿನವನಿಗೆ ಘಟ್ಟದ ಮೇಲೆ, ಸಕಲೇಶಪುರದವನಿಗೆ ಘಟ್ಟದ ಕೆಳಗೆ. ಯಾವ ರಾಜಧಾನಿಯೂ ಅದನ್ನು ಬದಲಿಸಲಾರದು.

ಇಷ್ಟನ್ನೂ ಹೇಳಿದುದು ವಿನೋದಕ್ಕಾಗಿ ಮಾತ್ರವಲ್ಲ. 1956ರ ನವೆಂಬರ್ 1ಕ್ಕೆ ಮೊದಲಿನ ಕನ್ನಡ ನಾಡನ್ನು ಸ್ವಲ್ಪ ನೆನೆಯಿರಿ. ಹುಬ್ಬಳ್ಳಿಯವನು ಮುಂಬಯಿ ಪ್ರಾಂತದವನು, ಕಲಬುರ್ಗಿಯವನು ನಿಜಾಮನ ರಾಜ್ಯದವನು, ಮಂಗಳೂರಿನವನು ಮದರಾಸಿನವನು, ಮಡಿಕೇರಿಯವನು ಬೇರೆ, ಮೈಸೂರಿನವನು ಬೇರೆ. ನಿಜಾಮನ ರಾಜ್ಯದಲ್ಲಿ 1932ರಿಂದಲೇ ಸರಕಾರವು ಬಸ್ಸುಗಳನ್ನು ನಡೆಸುತ್ತಿತ್ತು; ಆದರೆ ಸರಕಾರದ ಭಾಷೆ ಉರ್ದು. ಮೈಸೂರಿನ ಸರಕಾರವು ತನ್ನ ಸಾರಿಗೆ ಇಲಾಖೆಯ ಬಸ್ಸುಗಳನ್ನು ಹೂಡಿದುದು 1948ರಲ್ಲಿ. ಹುಬ್ಬಳ್ಳಿಗೆ ಬರುತ್ತಿದ್ದ ರೈಲಿನ ಯಜಮಾನಿಕೆಯ ಕಚೇರಿ ಇದ್ದುದು ಮದರಾಸಿನಲ್ಲಿ. ಹುಬ್ಬಳ್ಳಿಯೇ ಒಂದು ರೈಲ್ವೆ ವಲಯದ ಕೇಂದ್ರವಾಗುವುದಕ್ಕೆ 2003ರವರೆಗೆ ಕಾಯಬೇಕಾಯಿತು. ಬೀದರದ ಸವಾರಿ, ಬೆಳಗಾವಿಯ ನಾಕಾ, ಮೈಸೂರಿನ ಸುಂಕದಕಟ್ಟೆ ಇವು ಒಂದನ್ನೊಂದು ಅರಿಯದೆ ಇದ್ದ ಆ ದಿನಗಳಲ್ಲಿ, ಬೀದರದಿಂದ ಚಾಮರಾಜನಗರದವರೆಗೆ ಕನ್ನಡಿಗನೊಬ್ಬನು ಆಡಿ ತಿಳಿಸಬಹುದಾಗಿದ್ದ ದಾರಿಯ ಮಾತು ಟಿಕೀಟು ಒಂದೇ. ನಾಡು ಒಂದಾಗುವ ಮೊದಲೇ ಟಿಕೀಟು ಒಂದಾಗಿತ್ತು. ಏಕೀಕರಣಕ್ಕಾಗಿ ದುಡಿದವರ ಸಾಲಿನಲ್ಲಿ ಪರಭಾಷೆಯ ಈ ಒಂದು ಮಾತಿಗೂ ಮೂಲೆಯಲ್ಲಿ ಒಂದು ಮಣೆಯನ್ನು ಹಾಕಿದರೆ ನಮ್ಮ ಕನ್ನಡತನಕ್ಕೆ ಕುಂದು ಬಾರದು. ಉಕಾರವನ್ನು ಹಚ್ಚಿಸಿಕೊಂಡು, ‘ಟಿಕೀಟಿನಲ್ಲಿ’, ‘ಟಿಕೀಟಿಗೆ’ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ಹೊತ್ತು ನಡೆಯುವ ಮಾತನ್ನು ಪರಕೀಯವೆಂದು ಓಡಿಸಬೇಕೆನ್ನುವವರ ಸಂಗಡ ನಾವಿಲ್ಲ.

ಹಾಗೆಂದು, ‘ಇಂಗ್ಲಿಷು ಎಲ್ಲರಿಗೂ ತಿಳಿಯುತ್ತದೆ, ಕನ್ನಡದ ಗೊಡವೆ ಏತಕ್ಕೆ’ ಎನ್ನುವವರ ಸಂಗಡವೂ ನಾವಿಲ್ಲ. ಜನರು ತಾವಾಗಿ ಬಾಯಿಗೆ ತಂದುಕೊಂಡ ಮಾತು ಬೇರೆ. ಅಧಿಕಾರಿಯು ಫಲಕದ ಮೇಲೆ ಬರೆಸಿ ಜನರ ಮೇಲೆ ಹೇರಿದ ಮಾತು ಬೇರೆ. ‘ಲಿಮಿಟೆಡ್ ಸ್ಟಾಪ್’ ಎಂಬುದನ್ನು ಕನ್ನಡ ಅಕ್ಷರಗಳಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗಲಿಲ್ಲ. ಆ ಫಲಕವನ್ನು ಅಕ್ಷರ ಅಕ್ಷರವಾಗಿ ಓದಿಯೂ, ತನ್ನ ಹಳ್ಳಿಯ ಕೈಮರದ ಬಳಿ ಈ ಬಸ್ಸು ನಿಲ್ಲದೆಂಬುದನ್ನು ಅರಿಯದೆ ಹತ್ತಿದ ಹೆಣ್ಣುಮಗಳು, ಕತ್ತಲಾದ ಮೇಲೆ ಆರು ಮೈಲಿ ಮುಂದಿನ ಊರಿನಲ್ಲಿ ಇಳಿದು ಯಾರ ಮನೆಯ ಬಾಗಿಲನ್ನು ತಟ್ಟಬೇಕು? ‘ಕೆಲವೇ ಊರುಗಳಲ್ಲಿ ನಿಲ್ಲುತ್ತದೆ’ ಎಂದು ಬರೆಯಲು ಮೂರೇ ಮಾತು ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಹೋಗಿಬರುವಂತಾಯಿತು. ಹಿಂದೆ ವರ್ಷಕ್ಕೊಮ್ಮೆ ಜಾತ್ರೆಗೆ ಹೊರಡುತ್ತಿದ್ದವರು ಈಗ ಒಬ್ಬೊಬ್ಬರೇ ಆಸ್ಪತ್ರೆಗೆ, ಕೆಲಸಕ್ಕೆ, ತವರಿಗೆ ಹೊರಡುತ್ತಾರೆ. ಅವರ ಕೈಗೆ ಬರುವ ‘ಶೂನ್ಯ ಟಿಕೀಟು’ ಸಂಸ್ಕೃತ ಫ್ರೆಂಚುಗಳ ಮಿಶ್ರಣವಾದರೂ ಅರ್ಥವಾಗದವರಿಲ್ಲ. ಅರ್ಥವಾಗದಿರುವುದು ಫಲಕ, ಘೋಷಣೆ, ಪ್ರಕಟನೆ. ಎಲ್ಲರಿಗೆಂದು ಹೆಸರಿಟ್ಟುಕೊಂಡ ಬಂಡಿಯಿಂದ ‘ಎಲ್ಲ’ವು ಬಿದ್ದುಹೋದ ಮಾತನ್ನು ಹಿಂದೆ ಹೇಳಿದೆವು, ಅದು ಹೆಸರಿನಲ್ಲಿ ಬಿದ್ದುಹೋದರೆ ಚಿಂತೆಯಿಲ್ಲ.

ಒಳ್ಳೆಯ ಕೆಲಸವಾಗಿರುವಲ್ಲಿ ಹೊಗಳದೆ ಇರುವುದು ಅನ್ಯಾಯ. ‘ಎಕ್ಸ್‌ಪ್ರೆಸ್’ ಎಂಬುದಕ್ಕೆ ನಮ್ಮ ಸಾರಿಗೆಯವರು ಇಟ್ಟ ‘ವೇಗದೂತ’ ಎಂಬ ಹೆಸರು ಮೂಲಕ್ಕಿಂತ ಚೆನ್ನಾಗಿದೆ. ಬಸ್ಸಿನ ಹಣೆಯ ಮೇಲೆ ಅದನ್ನು ಓದಿದ ಹುಡುಗನಿಗೆ ಹನುಮಂತನ ನೆನಪಾದರೆ ಆಶ್ಚರ್ಯವಿಲ್ಲ. ‘ಸಾರಿಗೆ’ ಎಂಬ ಮಾತೂ ಹಾಗೆಯೇ ನೆಲೆಗೊಂಡಿತು. ‘ತಡೆರಹಿತ’ವು ‘ನಾನ್ ಸ್ಟಾಪ್’ ಎಂಬುದನ್ನು ಗೆದ್ದಿತು. ಬೆಂಗಳೂರಿನ ಮೆಟ್ರೋ 2011ರ ಅಕ್ಟೋಬರ್ 20ರಂದು ಓಡಲು ತೊಡಗಿದ ಮೇಲೆ ‘ಮುಂದಿನ ನಿಲ್ದಾಣ’ ಎಂಬ ಎರಡು ಮಾತುಗಳು ಹೊರನಾಡಿನಿಂದ ಬಂದ ಎಷ್ಟೋ ಜನರಿಗೆ ಕನ್ನಡದ ಓನಾಮವಾಗಿವೆ. 2017ರಲ್ಲಿ ಆ ನಿಲ್ದಾಣಗಳ ಹಿಂದಿ ಫಲಕಗಳ ವಿಷಯವಾಗಿ ದೊಡ್ಡ ವಾದವೆದ್ದು, ಅವನ್ನು ತೆಗೆಯಲಾಯಿತು. ಆಗ ಬೀದಿಗೆ ಬಂದ ಉತ್ಸಾಹದ ಕಾಲು ಭಾಗವಾದರೂ ಉಳಿದ ಕನ್ನಡ ಫಲಕದಲ್ಲಿ ಎಂಥ ಕನ್ನಡವಿದೆಯೆಂದು ನೋಡುವುದಕ್ಕೆ ಸಂದಿದ್ದರೆ ನಮಗೆ ಇನ್ನೂ ಸಂತೋಷವಾಗುತ್ತಿತ್ತು.

ದೋಷವಿರುವಲ್ಲಿಯೂ ಹೇಳಿಬಿಡುತ್ತೇವೆ. ‘ನಿಲುಗಡೆ’ ಎಂಬ ಒಂದೇ ಮಾತನ್ನು ಬಸ್ಸು ನಿಂತು ಜನರನ್ನು ಹತ್ತಿಸಿಕೊಳ್ಳುವುದಕ್ಕೂ, ಕಾರುಗಳನ್ನು ತಂದು ಬಿಟ್ಟುಹೋಗುವುದಕ್ಕೂ ಬಳಸುತ್ತಿದ್ದಾರೆ. ಮೊದಲನೆಯದರಲ್ಲಿ ಬಂಡಿಯು ಕ್ಷಣಕಾಲ ನಿಂತು ಹೊರಡಬೇಕು. ಎರಡನೆಯದರಲ್ಲಿ ಹೊರಡದೆ ಇರಬೇಕು. ಇಂಗ್ಲಿಷಿನಲ್ಲಿ ‘ಸ್ಟಾಪ್’, ‘ಪಾರ್ಕಿಂಗ್’ ಎಂದು ಬೇರೆಯಾಗಿರುವ ಈ ಎರಡಕ್ಕೆ ಕನ್ನಡದಲ್ಲಿ ಒಂದೇ ಹೆಸರನ್ನಿಟ್ಟು, ‘ನಿಲುಗಡೆ ನಿಷೇಧಿಸಿದೆ’ ಎಂದು ಬಸ್ಸಿನ ಕಂಬದ ಪಕ್ಕದಲ್ಲಿಯೇ ಬರೆದರೆ ಓದಿದವನು ಏನೆಂದುಕೊಳ್ಳಬೇಕು? ಬಸ್ಸಿಗೆ ‘ನಿಲುಗಡೆ’ ಇರಲಿ. ಕಾರಿಗೆ ‘ತಂಗಾಣಿಕೆ’ಯೋ ‘ಗಾಡಿ ಬಿಡುವ ಜಾಗ’ವೋ, ಯಾವುದಾದರೊಂದು ಬೇರೆ ಮಾತು ಬರಲಿ. ಕೈ ತೋರಿಸಿದರೆ ಮಾತ್ರ ನಿಲ್ಲುವ ‘ರಿಕ್ವೆಸ್ಟ್ ಸ್ಟಾಪ್’ ಎಂಬುದಕ್ಕೆ ‘ಕೋರಿಕೆಯ ನಿಲುಗಡೆ’ ಎಂಬುದು ಸರಿಯಾಗಿದೆ; ಆದರೆ ಕೋರುವುದು ಹೇಗೆಂಬುದನ್ನೂ ಅದರ ಕೆಳಗೆ ಬರೆಯಬೇಕು.

ಊರಿನೊಳಗಿನ ನಿಲ್ದಾಣಗಳ ಹೆಸರುಗಳನ್ನು ಮಾತ್ರ ಮುಟ್ಟುವ ಮೊದಲು ಹತ್ತು ಸಲ ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ. ಕೆಂಪೇಗೌಡರ ಹೆಸರನ್ನು ಹೊತ್ತ ಬೆಂಗಳೂರಿನ ದೊಡ್ಡ ಬಸ್ಸು ನಿಲ್ದಾಣಕ್ಕೆ ಜನರು ಒಂದು ಚಿತ್ರಮಂದಿರದ ಹೆಸರಿನಿಂದ ಮೆಜೆಸ್ಟಿಕ್ ಎನ್ನುತ್ತಾರೆ. ತುಮಕೂರು ರಸ್ತೆಯಲ್ಲಿ ಮೈಲಿಯ ಲೆಕ್ಕ ಹೋದ ಮೇಲೂ ‘ಎಂಟನೆಯ ಮೈಲಿ’ ಎಂಬ ನಿಲ್ದಾಣವಿದೆ. ಟಿನ್ ಫ್ಯಾಕ್ಟರಿ, ಸಿಲ್ಕ್ ಬೋರ್ಡ್ ಎಂಬ ಹೆಸರುಗಳು ಇಂಗ್ಲಿಷಿನವಾದರೂ ಅವು ಬೆಂಗಳೂರಿನ ಭೂಗೋಳವಾಗಿವೆ. ಅವನ್ನು ಅನುವಾದಮಾಡಲು ಹೊರಟರೆ ದಾರಿ ತಪ್ಪುವವರು ನಮ್ಮವರೇ. ಗೌರವದ ಹೆಸರು ಫಲಕದ ಮೇಲಿರಲಿ, ಬಳಕೆಯ ಹೆಸರು ಅದರ ಕೆಳಗಿರಲಿ. ಮೆಟ್ರೋದವರು ಹಾಗೆಯೇ ಮಾಡಿದ್ದಾರೆ.

ಶಾಲೆಗಳ ವಿಷಯವಾಗಿ ಒಂದು ಮಾತು. ನಮ್ಮ ಮಕ್ಕಳಿಗೆ ಇಂಗ್ಲಿಷು ಬೇಕು. ಅದನ್ನು ಬೇಡವೆನ್ನುವ ಹುಂಬತನ ನಮಗಿಲ್ಲ. ಆದರೆ ಬಸ್ಸು ಹತ್ತುವುದನ್ನೂ ದಾರಿ ಕೇಳುವುದನ್ನೂ ಪಾಠವಾಗಿ ಕಲಿಸುವಾಗ, ‘ಇದು ನಮ್ಮ ಊರಿನಲ್ಲಿ ಹೀಗೆ, ಇಂಗ್ಲೆಂಡಿನಲ್ಲಿ ಹೀಗೆ, ಅಮೇರಿಕೆಯಲ್ಲಿ ಹೀಗೆ’ ಎಂದು ಹೇಳುವ ಪುಸ್ತಕಗಳು ವಿರಳ. ಹೋಗುವುದಕ್ಕೆ ಮಾತ್ರ ಕೊಂಡ ಟಿಕೀಟು ಇಂಗ್ಲೆಂಡಿನಲ್ಲಿ ‘ಸಿಂಗಲ್’, ಅಮೇರಿಕೆಯಲ್ಲಿ ‘ಒನ್ ವೇ’. ಹೋಗಿಬರುವುದಕ್ಕೆ ಅಲ್ಲಿ ‘ರಿಟರ್ನ್’, ಇಲ್ಲಿ ‘ರೌಂಡ್ ಟ್ರಿಪ್’. ‘ಇಳಿಯಿರಿ’ ಎಂಬುದಕ್ಕೆ ಲಂಡನ್ನಿನ ರೈಲಿನಲ್ಲಿ ‘ಅಲೈಟ್’ ಎಂಬ ಮಾತು ಕೇಳಿಬರುತ್ತದೆ. ಮನೆಯಲ್ಲಿ ಅವರು ಯಾರೂ ಅದನ್ನು ಆಡರು. ಈ ಭೇದಗಳನ್ನು ಕನ್ನಡದಲ್ಲಿ ವಿವರಿಸಿ, ಊರಿನ ಬಸ್ಸು ನಿಲ್ದಾಣಕ್ಕೇ ಮಕ್ಕಳನ್ನು ಕರೆದೊಯ್ದು ಒಂದು ಮುಂಜಾನೆ ಪಾಠಮಾಡಿದರೆ, ವರ್ಷದ ಕಂಠಪಾಠಕ್ಕಿಂತ ಹೆಚ್ಚು ಫಲವಾದೀತು. ಕನ್ನಡದ ಮಾತೂ ಇಂಗ್ಲಿಷಿನ ಮಾತೂ ಅಕ್ಕಪಕ್ಕದಲ್ಲಿ ಬಸ್ಸಿನ ಹಣೆಯ ಮೇಲೆಯೇ ಇರುತ್ತವೆ; ಹಲಗೆಯೂ ಬೇಕಾಗಿಲ್ಲ, ಸುಣ್ಣವೂ ಬೇಕಾಗಿಲ್ಲ.

ಪತ್ರ ಬರೆದ ಮಾಸ್ತರರಿ‌ಗೆ ನಾವು ತಿಳಿಸತಕ್ಕದ್ದಿಷ್ಟೆ. ಆ ಊರಿನಲ್ಲಿ ಇರುವವರೆಗೆ ‘ಸ್ಟಾಪ್’ ಎಂಬ ಕಂಬದ ಬಳಿಯಲ್ಲಿಯೇ ನಿಲ್ಲಿರಿ. ಬಸ್ಸು ಕಂಡೊಡನೆ ಕೈಯನ್ನು ಚಾಚಿರಿ, ಅಲ್ಲಿಯ ಪದ್ಧತಿ ಹಾಗೆ. ಮರಳಿ ಧಾರವಾಡಕ್ಕೆ ಬಂದ ದಿನ ಆಟೋದವನಿಗೆ ಸಂಕೋಚವಿಲ್ಲದೆ ‘ಬಸ್ ಸ್ಟ್ಯಾಂಡಿಗೆ ನಡಿಯಪಾ’ ಎನ್ನಿರಿ. ಅಲ್ಲಿ ನಿಮ್ಮ ಹಳ್ಳಿಯ ಬಸ್ಸಿನ ಫಲಕವು ಯಾವ ಭಾಷೆಯಲ್ಲಿದೆ, ವೇಳಾಪಟ್ಟಿಯು ಓದುವಂತಿದೆಯೇ ಎಂಬುದನ್ನು ನೋಡಿ, ಮುಂದಿನ ಪತ್ರದಲ್ಲಿ ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.